ಕಾನ್ಸೆಪ್ಟ್2 ರೋಅರ್ಗ್: ದಮ್ಮನ್ನು ವ್ಯಾಟಿನಲ್ಲಿ ತೂಗುವ ಯಂತ್ರ

ಜಿಮ್ಮಿನಲ್ಲಿ ಟ್ರೆಡ್‌ಮಿಲ್ಲಿಗೆ ಸರದಿ ಇರುತ್ತದೆ, ಸೈಕಲ್ಲಿಗೆ ಟವೆಲ್ಲು ಹಾಕಿ ಜಾಗ ಹಿಡಿದಿರುತ್ತಾರೆ. ಪಕ್ಕದಲ್ಲೇ ಗೋಡೆಗೆ ಒತ್ತಿಕೊಂಡು ಉದ್ದಕ್ಕೆ ಮಲಗಿರುವ ಇನ್ನೊಂದು ಯಂತ್ರ ಮಾತ್ರ ಖಾಲಿ. ಮುಂದೊಂದು ಪಂಜರದೊಳಗಿನ ಫ್ಯಾನು, ಅದರಿಂದ ಹೊರಟ ಚೈನು, ಚೈನಿನ ತುದಿಗೆ ಮರದ ತುಂಡಿನಂಥ ಹಿಡಿ, ಹಿಂದಕ್ಕೆ ಚಾಚಿದ ಹಳಿಯ ಮೇಲೆ ಪುಟ್ಟ ಸೀಟು. ದೋಣಿಗೆ ಹುಟ್ಟು ಹಾಕಿದಂತೆ ಕೂತು ಎಳೆಯುವ ರೋಯಿಂಗ್ ಮಷಿನ್, ಕಾನ್ಸೆಪ್ಟ್2 ಕಂಪನಿಯ ರೋಅರ್ಗ್. ಕುತೂಹಲಕ್ಕೆ ಕೂತವರು ಐದು ನಿಮಿಷ ಜಗ್ಗಾಡಿ, ಸೊಂಟ ಹಿಡಿದುಕೊಂಡು ಎದ್ದುಬಿಡುತ್ತಾರೆ. ಬೇಸರದ ಸಂಗತಿ ಇದು. ಯಾಕೆಂದರೆ ದಮ್ಮು ಬೆಳೆಸುವುದಕ್ಕೂ, ಬೆಳೆದ ದಮ್ಮನ್ನು ಅಳೆದು ನೋಡುವುದಕ್ಕೂ ಜಿಮ್ಮಿನಲ್ಲಿ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ.

ಕಾನ್ಸೆಪ್ಟ್2 ಅಮೆರಿಕದ ವರ್ಮಾಂಟ್ ರಾಜ್ಯದ ಕಂಪನಿ. ದೋಣಿ ಸ್ಪರ್ಧೆಯ ಹಿನ್ನೆಲೆಯ ಡಿಕ್ ಮತ್ತು ಪೀಟ್ ಡ್ರೈಸಿಗಾಕರ್ ಅಣ್ಣತಮ್ಮಂದಿರು ಹುಟ್ಟು ತಯಾರಿಸಲೆಂದು 1976ರಲ್ಲಿ ಶುರು ಮಾಡಿದ್ದು. ಹುಟ್ಟೆಂದರೆ ದೋಣಿ ನಡೆಸುವ ಹುಟ್ಟು. 1981ರಲ್ಲಿ ಸೈಕಲ್ ಚಕ್ರ ಬಳಸಿ ಮೊದಲ ರೋಯಿಂಗ್ ಮಷಿನ್ ಮಾಡಿದರು. ಇಂದು ನೋಡುವ ಯಂತ್ರ ಬಹುಕಾಲ ‘ಮಾಡೆಲ್ ಡಿ’ ಎಂಬ ಹೆಸರಲ್ಲಿ ಮಾರಾಟವಾಯಿತು. 2021ರಿಂದ ಅದಕ್ಕೆ ರೋಅರ್ಗ್ ಎಂಬ ಹೆಸರು. ಹಳೆಯ ಜಿಮ್ಮುಗಳಲ್ಲಿ ಮಾಡೆಲ್ ಡಿ ಸಿಕ್ಕರೂ ಇಲ್ಲಿ ಹೇಳುವುದೆಲ್ಲ ಅದಕ್ಕೂ ಅನ್ವಯಿಸುತ್ತದೆ.

ಮೊದಲು ಯಂತ್ರದ ಒಳಗುಟ್ಟು ನೋಡಿ. ಹಿಡಿಯನ್ನು ಎಳೆದಾಗ ಚೈನು ಫ್ಯಾನನ್ನು ತಿರುಗಿಸುತ್ತದೆ, ಫ್ಯಾನು ಗಾಳಿಯನ್ನು ದೂಡುತ್ತದೆ, ಆ ಗಾಳಿಯೇ ನಿಮಗೆ ಎದುರಾಳಿ. ಮೋಟರಿಲ್ಲ, ಪ್ಲಗ್ಗಿಲ್ಲ. ಎಷ್ಟು ಜೋರಾಗಿ ಎಳೆಯುತ್ತೀರೋ ಅಷ್ಟು ಜೋರಾಗಿ ಅದೂ ಹಿಡಿದುಕೊಳ್ಳುತ್ತದೆ. ಅದಕ್ಕೇ ಎಪ್ಪತ್ತರ ಅಜ್ಜಿಗೂ ಇಪ್ಪತ್ತರ ಓಟಗಾರನಿಗೂ ಒಂದೇ ಯಂತ್ರ ಸಾಕು, ನಡುವೆ ಯಾವ ಗುಂಡಿಯನ್ನೂ ಒತ್ತಬೇಕಿಲ್ಲ. ಎಳೆತ ಮುಗಿದು ನೀವು ಮುಂದಕ್ಕೆ ಸರಿಯುವಾಗ ಫ್ಯಾನಿನ ವೇಗ ಇಳಿಯುತ್ತದಲ್ಲ, ಪಿಎಂ5 ಎಂಬ ಮಾನಿಟರ್ ಆ ಇಳಿಕೆಯನ್ನು ಪ್ರತಿ ಸಲವೂ ಅಳೆಯುತ್ತದೆ. ಗಾಳಿ ಎಷ್ಟು ಅಡ್ಡಿ ಮಾಡುತ್ತಿದೆ ಎಂಬುದು ಅದರಿಂದ ಗೊತ್ತಾಗುತ್ತದೆ, ಅದನ್ನು ಹಿಡಿದು ನಿಮ್ಮ ಕೆಲಸವನ್ನು ವ್ಯಾಟಿನಲ್ಲಿ ಲೆಕ್ಕ ಹಾಕುತ್ತದೆ. ಫಲ ಏನೆಂದರೆ ಸಮುದ್ರ ಮಟ್ಟದ ಮಂಗಳೂರಿನಲ್ಲಿ ತೋರಿಸುವ 100 ವ್ಯಾಟೂ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೋರಿಸುವ 100 ವ್ಯಾಟೂ ಒಂದೇ. ಬೆಂಗಳೂರಿನ ಗಾಳಿ ಹತ್ತರಲ್ಲಿ ಒಂದು ಪಾಲಿನಷ್ಟು ತೆಳು, ಆದರೆ ಆ ವ್ಯತ್ಯಾಸವನ್ನು ಮಾನಿಟರ್ ತಾನೇ ಸರಿದೂಗಿಸಿಕೊಳ್ಳುತ್ತದೆ. ಹೈಡ್ರಾಲಿಕ್ ಸಿಲಿಂಡರಿನ, ಅಯಸ್ಕಾಂತದ ಅಗ್ಗದ ರೋಯಿಂಗ್ ಮಷಿನ್ನುಗಳಲ್ಲಿ ಕಾಣುವ ಸಂಖ್ಯೆಗಳಿಗೆ ಈ ಆಧಾರವಿರುವುದು ಅಪರೂಪ. ಈ ಯಂತ್ರಕ್ಕೆ ಕೊಡುವ ದುಡ್ಡಿನಲ್ಲಿ ಅರ್ಧ ಪಾಲು ಈ ನಂಬಿಕೆಗೇ ಹೋಗುತ್ತದೆ ಎಂದುಕೊಳ್ಳಿ.

ವ್ಯಾಟಿಗೂ ಉಸಿರಿಗೂ ಏನು ನಂಟು? ಸ್ನಾಯು ಸುಡುವ ಶಕ್ತಿಯಲ್ಲಿ ಹೊರಗಿನ ಕೆಲಸವಾಗಿ ಸಿಗುವುದು ಐದರಲ್ಲಿ ಒಂದು ಪಾಲಿನಷ್ಟು, ಮಿಕ್ಕಿದ್ದೆಲ್ಲ ಬಿಸಿ. ಮಾನಿಟರ್ 100 ವ್ಯಾಟ್ ತೋರಿಸುವಾಗ ಮೈಯೊಳಗೆ 500 ವ್ಯಾಟಿನ ಆಸುಪಾಸು ಖರ್ಚಾಗುತ್ತಿರುತ್ತದೆ. ಒಂದು ಲೀಟರ್ ಆಮ್ಲಜನಕ ಸುಟ್ಟರೆ ಸುಮಾರು 5 ಕಿಲೋ ಕ್ಯಾಲರಿ ಶಕ್ತಿ ಸಿಗುತ್ತದೆ. ಲೆಕ್ಕ ಹಾಕಿದರೆ ನಿಮಿಷಕ್ಕೆ ಹೆಚ್ಚುಕಡಿಮೆ ಒಂದೂವರೆ ಲೀಟರ್ ಆಮ್ಲಜನಕ ಬೇಕು. 60 ಕೆ.ಜಿ. ತೂಕದವರು ಸುಮ್ಮನೆ ಕೂತಾಗ ಬಳಸುವುದು ನಿಮಿಷಕ್ಕೆ 210 ಮಿಲಿಲೀಟರ್. ಅಂದರೆ ಏಳು ಪಟ್ಟು. ಅಷ್ಟನ್ನು ಶ್ವಾಸಕೋಶದಿಂದ ತೊಡೆಯವರೆಗೆ ಸಾಗಿಸಬೇಕಾದದ್ದು ಹೃದಯ. ಸಾಗಿಸಲು ಸಾಧ್ಯವಾಗುವ ಗರಿಷ್ಠ ಮಿತಿಗೆ ವಿಒ2 ಮ್ಯಾಕ್ಸ್ ಎನ್ನುತ್ತಾರೆ. ನಮ್ಮ ಮಾತಿನ ‘ದಮ್ಮಿ’ಗೆ ಅದೇ ಅತ್ಯಂತ ಹತ್ತಿರದ ಅಳತೆ. ಆರೋಗ್ಯವಂತರಲ್ಲಿ ಈ ಮಿತಿಯನ್ನು ಹೆಚ್ಚಾಗಿ ಕಟ್ಟಿಹಾಕುವುದು ಶ್ವಾಸಕೋಶವಲ್ಲ, ಹೃದಯ ಒಂದು ನಿಮಿಷದಲ್ಲಿ ಎಷ್ಟು ರಕ್ತ ತಳ್ಳಬಲ್ಲದು ಎಂಬುದು.

ಇದು ಕ್ರೀಡಾಪಟುಗಳಿಗಷ್ಟೇ ಬೇಕಾದ ಸಂಖ್ಯೆ ಅಂದುಕೊಳ್ಳಬೇಡಿ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನಲ್ಲಿ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಂಡ 1,22,007 ಜನರ ದಾಖಲೆಗಳ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ದಮ್ಮು ಹೆಚ್ಚಿದ್ದಷ್ಟೂ ಸಾವಿನ ಅಪಾಯ ಕಡಿಮೆ ಇತ್ತು, ‘ಇಷ್ಟಾದರೆ ಸಾಕು, ಮೇಲೆ ಲಾಭವಿಲ್ಲ’ ಎಂಬ ಗಡಿ ಅದರಲ್ಲಿ ಕಾಣಲಿಲ್ಲ. ಇನ್ನೊಂದು ತುದಿಗೆ 1966ರ ಡಲ್ಲಾಸ್ ಪ್ರಯೋಗವಿದೆ: ಇಪ್ಪತ್ತು ವಯಸ್ಸಿನ ಐದು ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. 30 ವರ್ಷ ಕಳೆದ ಮೇಲೆ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, 30 ವರ್ಷದ ವಯಸ್ಸು ದಮ್ಮಿನಲ್ಲಿ ತಂದ ಇಳಿಕೆಗಿಂತ ಆ ಮೂರು ವಾರ ತಂದ ಇಳಿಕೆಯೇ ದೊಡ್ಡದಿತ್ತು. ಇಡೀ ದಿನ ಕುರ್ಚಿಯಲ್ಲಿ ಕೂತು ದುಡಿಯುವವರು ಇದನ್ನು ಎರಡು ಸಲ ಓದಬೇಕು.

ಈಗ ಯಂತ್ರದ ಮೇಲೆ ಕೂರೋಣ. ಫ್ಯಾನಿನ ಪಂಜರದ ಬದಿಯಲ್ಲಿ 1ರಿಂದ 10ರವರೆಗೆ ಸಂಖ್ಯೆ ಬರೆದ ಸನ್ನೆ (ಲಿವರ್) ಇದೆ, ಡ್ಯಾಂಪರ್ ಎನ್ನುತ್ತಾರೆ. ನೂರಕ್ಕೆ ತೊಂಬತ್ತು ಜನ ಮಾಡುವ ತಪ್ಪು ಇಲ್ಲೇ: ಹತ್ತಕ್ಕೆ ಇಟ್ಟರೆ ‘ಫುಲ್ ವರ್ಕೌಟ್’ ಅಂದುಕೊಳ್ಳುತ್ತಾರೆ. ಡ್ಯಾಂಪರ್ ಕಷ್ಟದ ಮಟ್ಟವಲ್ಲ, ಸೈಕಲ್ಲಿನ ಗೇರಿನ ಹಾಗೆ. ಹತ್ತರಲ್ಲಿ ಫ್ಯಾನಿಗೆ ಹೆಚ್ಚು ಗಾಳಿ ನುಗ್ಗಿ ಅದು ಬೇಗ ನಿಧಾನವಾಗುತ್ತದೆ, ಪ್ರತಿ ಎಳೆತದಲ್ಲೂ ಮತ್ತೆ ಮೊದಲಿನಿಂದ ಎಬ್ಬಿಸಬೇಕು. ಹಂಪಿಯ ತೆಪ್ಪಕ್ಕೆ ಹುಟ್ಟು ಹಾಕಿದಂತೆ. ಮೂರು–ನಾಲ್ಕರಲ್ಲಿ ಕಿರಿದಾದ ರೇಸಿನ ದೋಣಿಯ ಹಾಗೆ ಜಾರುತ್ತದೆ. ತೆಪ್ಪದ ಭಾರಕ್ಕೆ ಮೊದಲು ಸೋಲುವುದು ಸೊಂಟ ಮತ್ತು ಮುಂಗೈ. ಹೃದಯಕ್ಕೆ ಕೆಲಸ ಸಿಗುವ ಮುಂಚೆಯೇ ನೀವು ಎದ್ದಿರುತ್ತೀರಿ.

ಅದಕ್ಕೂ ಮಿಗಿಲಾಗಿ ಸನ್ನೆಯ ಸಂಖ್ಯೆಯನ್ನೇ ನಂಬಬಾರದು. ಧೂಳು ತುಂಬಿದ ಯಂತ್ರದಲ್ಲಿ ಏಳಕ್ಕೆ ಇಟ್ಟದ್ದು ಹೊಸ ಯಂತ್ರದ ನಾಲ್ಕಕ್ಕೆ ಸಮವಾಗಿರಬಹುದು. ಪಿಎಂ5ನ ಮೆನುವಿನಲ್ಲಿ ‘ಮೋರ್ ಆಪ್ಶನ್ಸ್’ಗೆ ಹೋಗಿ ‘ಡಿಸ್‌ಪ್ಲೇ ಡ್ರ್ಯಾಗ್ ಫ್ಯಾಕ್ಟರ್’ ಆರಿಸಿ, ಐದಾರು ಸಲ ಸಮನಾಗಿ ಎಳೆಯಿರಿ. ಬರುವ ಸಂಖ್ಯೆಯೇ ನಿಜವಾದ ಅಡ್ಡಿ. ಸಾಮಾನ್ಯ ಗಂಡಸರಿಗೆ 115ರಿಂದ 130, ಹೆಂಗಸರಿಗೂ ತೂಕ ಕಡಿಮೆ ಇರುವವರಿಗೂ 100ರಿಂದ 115 ಹಿತವಾಗಿರುತ್ತದೆ. ಆ ಸಂಖ್ಯೆ ಬರುವವರೆಗೆ ಸನ್ನೆಯನ್ನು ಮೇಲೆ ಕೆಳಗೆ ಮಾಡಿ, ಬರೆದಿಟ್ಟುಕೊಳ್ಳಿ. ಯಾವ ಊರಿನ ಯಾವ ಜಿಮ್ಮಿಗೆ ಹೋದರೂ ಮೊದಲು ಮಾಡಬೇಕಾದದ್ದು ಇದು.

ಕಾಲಿನ ಪಟ್ಟಿ ಬೆರಳುಗಳ ಬುಡದ ಮೇಲೆ, ಅಂದರೆ ಪಾದದ ಅತಿ ಅಗಲದ ಜಾಗದ ಮೇಲೆ ಹಾಯಬೇಕು. ಪಾದದ ಹಲಗೆಯಲ್ಲಿ ಏರಿಸಲು ಇಳಿಸಲು ರಂಧ್ರಗಳಿವೆ. ಮುಂದಕ್ಕೆ ಬಂದಾಗ ಮೊಣಕಾಲಿನ ಕೆಳಗಿನ ಮೂಳೆ ನೆಟ್ಟಗೆ ನಿಲ್ಲುವುದಕ್ಕೆ ಹೊಟ್ಟೆಯೋ ಕೀಲಿನ ಬಿಗಿಯೋ ಅಡ್ಡ ಬಂದರೆ ಪಾದವನ್ನು ಒಂದೆರಡು ರಂಧ್ರ ಕೆಳಗಿಳಿಸಿ. ಮೆತ್ತನೆ ದಪ್ಪ ಅಡಿಯ ರನ್ನಿಂಗ್ ಶೂ ಬೇಡ, ತೆಳು ಅಡಿಯದ್ದು ಒಳ್ಳೆಯದು. ಉಡುಪಿನ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಉದ್ದ ಕುರ್ತಾ, ದುಪ್ಪಟ್ಟ, ಸಡಿಲ ಟೀ ಶರ್ಟಿನ ಹಿಂಬದಿ ಸೀಟಿನ ಗಾಲಿಗೂ ಹಳಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಸೀಟು ಥಟ್ಟನೆ ನಿಂತರೆ ಮೈ ಹಿಂದಕ್ಕೆ ವಾಲಿ ಬೀಳುತ್ತದೆ. ಒಳಗೆ ಸಿಕ್ಕಿಸಿಕೊಂಡೇ ಕೂರಿ.

ಎಳೆತದ ಕ್ರಮ ಕಾಲು, ಸೊಂಟ, ಕೈ. ವಾಪಸು ಹೋಗುವಾಗ ಕೈ, ಸೊಂಟ, ಕಾಲು. ಹೇಳಲು ಇಷ್ಟೇ. ಮುಂದಿನ ತುದಿಯಲ್ಲಿ ಕೈ ನೀಳ, ಬೆನ್ನು ನೆಟ್ಟಗೆ, ಸೊಂಟದಿಂದ ತುಸು ಮುಂದಕ್ಕೆ ಬಾಗಿದ ಮೈ. ಅಲ್ಲಿಂದ ನೆಲವನ್ನು ಒದೆಯುವಂತೆ ಕಾಲು ಚಾಚಿ. ಆಗ ಕೈ ಬರೀ ಕೊಕ್ಕೆ, ಮಡಚಬಾರದು. ಕಾಲು ಮುಕ್ಕಾಲು ಚಾಚಿದ ಮೇಲೆ ಮೈ ಹಿಂದಕ್ಕೆ, ಗಡಿಯಾರದಲ್ಲಿ ಒಂದು ಗಂಟೆಯಲ್ಲಿದ್ದ ಮುಳ್ಳು ಹನ್ನೊಂದಕ್ಕೆ ಹೋದಷ್ಟು. ಅದಕ್ಕಿಂತ ಹೆಚ್ಚು ವಾಲಬೇಡಿ. ಕೊನೆಗೆ ಕೈ ಮಡಚಿ ಹಿಡಿ ಎದೆಗೂಡಿನ ಕೆಳತುದಿಗೆ ಬರಲಿ. ಹಿಂತಿರುಗುವಾಗ ಹಿಡಿ ಮೊಣಕಾಲು ದಾಟುವವರೆಗೆ ಮೊಣಕಾಲು ಮಡಚಬೇಡಿ. ಮಡಚಿದರೆ ಹಿಡಿಯನ್ನು ಮೊಣಕಾಲಿನ ಮೇಲಿಂದ ಎತ್ತಿ ಹಾಯಿಸಬೇಕಾಗುತ್ತದೆ, ಚೈನು ಅಲೆಯಂತೆ ಮೇಲೆ ಕೆಳಗೆ ಆಡುತ್ತದೆ. ಪಕ್ಕದಲ್ಲಿ ನಿಂತು ನೋಡಿದರೆ ಚೈನು ನೆಲಕ್ಕೆ ಸಮಾನಾಂತರವಾಗಿ ಓಡುತ್ತಿರಬೇಕು. ಒಂದು ಪಾಲು ಸಮಯದಲ್ಲಿ ಎಳೆದರೆ ಎರಡು ಪಾಲು ಸಮಯದಲ್ಲಿ ಹಿಂತಿರುಗಬೇಕು. ಉಸಿರು ತೆಗೆದುಕೊಳ್ಳುವ ಬಿಡುವೇ ಅದು.

ಕಲಿಸುವವರು ಯಾರೂ ಇಲ್ಲದಿದ್ದರೆ ಪಿಎಂ5 ಪರದೆಯಲ್ಲೇ ಒಬ್ಬ ಗುರು ಇದ್ದಾನೆ. ‘ಚೇಂಜ್ ಡಿಸ್‌ಪ್ಲೇ’ ಗುಂಡಿ ಒತ್ತುತ್ತ ಹೋದರೆ ಒಂದು ಗೆರೆಚಿತ್ರ ಬರುತ್ತದೆ: ಪ್ರತಿ ಎಳೆತದಲ್ಲಿ ಎಲ್ಲಿ ಎಷ್ಟು ಬಲ ಬಿತ್ತು ಎಂಬುದರ ವಕ್ರರೇಖೆ. ನುರಿತವರ ಗೆರೆ ನಯವಾದ ಒಂದೇ ಗುಡ್ಡ, ಬೇಗ ಏರಿ ನಿಧಾನಕ್ಕೆ ಇಳಿಯುತ್ತದೆ. ಹೊಸಬರ ಗೆರೆಯಲ್ಲಿ ಒಂಟೆಯ ಬೆನ್ನಿನಂತೆ ಎರಡು ಡುಬ್ಬ. ಮೊದಲ ಡುಬ್ಬ ಕಾಲಿನದು, ನಡುವಿನ ಹಳ್ಳದಲ್ಲಿ ಕಾಲಿನ ಬಲ ಮುಗಿದು ಬೆನ್ನು ಇನ್ನೂ ಹಿಡಿದಿಲ್ಲ, ಎರಡನೆಯದು ಬೆನ್ನು–ಕೈಗಳದು. ಸೀಟು ಹಿಂದಕ್ಕೆ ಓಡಿ ಹಿಡಿ ಅಲ್ಲೇ ಉಳಿದಾಗ ಹೀಗಾಗುತ್ತದೆ. ಹೊಟ್ಟೆಯ ಸ್ನಾಯು ಸಡಿಲ ಬಿಟ್ಟಿರುವುದು ಕಾರಣ. ಶುರುವಿನಲ್ಲೇ ಚೂಪಾಗಿ ಚುಚ್ಚಿ ಕುಸಿದರೆ ಕೈಯಿಂದ ಕಿತ್ತಿದ್ದೀರಿ ಎಂದರ್ಥ. ಹತ್ತು ನಿಮಿಷ ಬೇರೆ ಏನೂ ನೋಡದೆ ಈ ಗೆರೆಯನ್ನೇ ನೋಡುತ್ತ, ನಿಮಿಷಕ್ಕೆ 18 ಎಳೆತದ ನಿಧಾನದಲ್ಲಿ, ಎರಡು ಡುಬ್ಬಗಳನ್ನು ಒಂದು ಮಾಡಲು ಯತ್ನಿಸಿ. ತಿದ್ದಿದ ಫಲ ಮರುಕ್ಷಣವೇ ಕಣ್ಣೆದುರು ಬರುತ್ತದೆ. ಇಡೀ ಯಂತ್ರದಲ್ಲಿ ಅತ್ಯಂತ ಉಪಯುಕ್ತವಾದ, ಅತ್ಯಂತ ಕಡಿಮೆ ಜನ ನೋಡುವ ಪರದೆ ಇದೇ.

ಪರದೆಯ ಉಳಿದ ಸಂಖ್ಯೆಗಳನ್ನು ಓದುವುದಕ್ಕೂ ಸ್ವಲ್ಪ ತಿಳಿವಳಿಕೆ ಬೇಕು. ಮುಖ್ಯವಾಗಿ ಕಾಣುವುದು ‘ಸ್ಪ್ಲಿಟ್’, 500 ಮೀಟರಿಗೆ ಹಿಡಿಯುವ ಸಮಯ. ಬಲ ಮತ್ತು ವೇಗದ ನಂಟು ಘನದ ಲೆಕ್ಕದಲ್ಲಿದೆ: ಒಂದು ಮೀಟರಿಗೆ ಹಿಡಿದ ಸೆಕೆಂಡಿನ ಘನ (ಅದೇ ಸಂಖ್ಯೆಯನ್ನು ಮೂರು ಸಲ ಬರೆದು ಗುಣಿಸಿದ್ದು) ತೆಗೆದು, 2.80ನ್ನು ಅದರಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. 3 ನಿಮಿಷದ ಸ್ಪ್ಲಿಟ್ಟಿಗೆ 60 ವ್ಯಾಟ್ ಸಾಕು. ಎರಡೂವರೆ ನಿಮಿಷಕ್ಕೆ 104. 2:15ಕ್ಕೆ 142. 2 ನಿಮಿಷಕ್ಕೆ 203. ಎರಡೂವರೆ ನಿಮಿಷದಿಂದ ಕೆಳಕ್ಕೆ ಹದಿನೈದು ಸೆಕೆಂಡ್ ಇಳಿಸಲು ಪ್ರತಿ ಸಲವೂ ಮೂರನೇ ಒಂದು ಪಾಲಿಗಿಂತ ಹೆಚ್ಚು ಬಲ ಸೇರಿಸಬೇಕು. ‘ಎರಡು ವಾರದಿಂದ ಬರೀ ಮೂರು ಸೆಕೆಂಡ್ ಇಳಿದಿದೆ’ ಎಂದು ನಿರಾಶರಾಗುವವರು ಅದನ್ನು ವ್ಯಾಟಿಗೆ ತಿರುಗಿಸಿ ನೋಡಲಿ. 2018ರಲ್ಲಿ ಆಸ್ಟ್ರೇಲಿಯಾದ ಜಾಶ್ ಡಂಕ್ಲಿ–ಸ್ಮಿತ್ 2000 ಮೀಟರನ್ನು 5:35.8ರಲ್ಲಿ ಮುಗಿಸಿ ಗಂಡಸರ ವಿಶ್ವದಾಖಲೆ ಮಾಡಿದರು. ಲೆಕ್ಕ ಹಾಕಿದರೆ ಸರಾಸರಿ 590 ವ್ಯಾಟ್ ದಾಟುತ್ತದೆ, ಐದೂವರೆ ನಿಮಿಷ ಪೂರ್ತಿ.

ಕ್ಯಾಲರಿ ಸಂಖ್ಯೆಯನ್ನು ಮಾತ್ರ ಇದ್ದಂತೆ ನಂಬಬೇಡಿ. ಮಾನಿಟರ್ ಎಲ್ಲರೂ 175 ಪೌಂಡ್, ಅಂದರೆ 79 ಕೆ.ಜಿ. ಎಂದು ಭಾವಿಸಿ ಗಂಟೆಗೆ 300 ಕ್ಯಾಲರಿಯನ್ನು ಮೊದಲೇ ಸೇರಿಸುತ್ತದೆ. 104 ವ್ಯಾಟಿಗೆ ಅದು ತೋರಿಸುವುದು ಗಂಟೆಗೆ 657. ಕಂಪನಿಯೇ ಕೊಟ್ಟಿರುವ ತಿದ್ದುಪಡಿ ಸೂತ್ರ ಹಾಕಿದರೆ 60 ಕೆ.ಜಿ. ತೂಕದವರಿಗೆ 584ಕ್ಕೆ ಇಳಿಯುತ್ತದೆ. ಪರದೆಯ ಕ್ಯಾಲರಿ ನೋಡಿ ಮಸಾಲೆದೋಸೆಯ ಲೆಕ್ಕ ಹಾಕುವವರು ಇದನ್ನು ಗಮನದಲ್ಲಿಡಬೇಕು.

ಇನ್ನು ದಮ್ಮಿನ ಅಳತೆ. 2000 ಮೀಟರಿನ ಸಮಯದಿಂದ ವಿಒ2 ಮ್ಯಾಕ್ಸ್ ಅಂದಾಜು ಮಾಡುವ ಲೆಕ್ಕ ಕಂಪನಿಯ ಜಾಲತಾಣದಲ್ಲಿದೆ; ಓಹಾಯೊ ವಿಶ್ವವಿದ್ಯಾಲಯದ ಫ್ರಿಟ್ಜ್ ಹಾಗರ್ಮನ್ ಅವರ ಕೆಲಸದ ಮೇಲೆ ನಿಂತದ್ದು. ಹೆಚ್ಚು ತರಬೇತಿ ಇಲ್ಲದ ಗಂಡಸರಿಗೆ: ಸಮಯವನ್ನು ನಿಮಿಷದಲ್ಲಿ ತೆಗೆದುಕೊಂಡು 0.9ರಿಂದ ಗುಣಿಸಿ, 10.7ರಿಂದ ಕಳೆಯಿರಿ, ಲೀಟರಿನಲ್ಲಿ ಉತ್ತರ. 70 ಕೆ.ಜಿ. ತೂಕದವರು ಎಂಟೂವರೆ ನಿಮಿಷದಲ್ಲಿ ಮುಗಿಸಿದರೆ 3.05 ಲೀಟರ್, ಕೆ.ಜಿ.ಗೆ ಸುಮಾರು 43.6 ಮಿಲಿಲೀಟರ್. ಎಂಟು ನಿಮಿಷಕ್ಕೆ ಇಳಿಸಿದರೆ 50. ಒಪ್ಪುವಂಥ ಸಂಖ್ಯೆಗಳೇ. ಆದರೆ ಇದು ನೇರ ಗೆರೆಯ ಸೂತ್ರ, ತುದಿಯಲ್ಲಿ ಮುರಿಯುತ್ತದೆ. ಹೆಂಗಸರ ಸೂತ್ರ 10.26ರಿಂದ ಸಮಯದ 0.93 ಪಟ್ಟು ಕಳೆಯುವುದು. 11 ನಿಮಿಷ ತೆಗೆದುಕೊಂಡವರಿಗೆ ಹಾಕಿ ನೋಡಿ: 0.03 ಲೀಟರ್! ಅಷ್ಟು ಆಮ್ಲಜನಕದಲ್ಲಿ ಮಲಗಿರುವುದಕ್ಕೂ ಆಗದು. ಹೊಸದಾಗಿ ಶುರು ಮಾಡಿದ ಹೆಂಗಸರಿಗೆ 11 ನಿಮಿಷ ಸಹಜವಾದ ಸಮಯ. ಸೂತ್ರದ ಮಿತಿಯನ್ನು ತಮ್ಮ ಮಿತಿ ಎಂದು ಅವರು ತಿಳಿಯಬಾರದು.

ಅದಕ್ಕಿಂತ ನೆಚ್ಚಬಹುದಾದ, ಸುಸ್ತು ಬೀಳಿಸದ ಪರೀಕ್ಷೆ ಇನ್ನೊಂದಿದೆ. ಎದೆಗೆ ಕಟ್ಟುವ ಹೃದಯಬಡಿತದ ಬೆಲ್ಟನ್ನು ಬ್ಲೂಟೂತ್ ಅಥವಾ ಆಂಟ್‌ಪ್ಲಸ್ (ಅದೂ ಬ್ಲೂಟೂತಿನಂಥ ನಿಸ್ತಂತು ಸಂಪರ್ಕ) ಮೂಲಕ ಪಿಎಂ5ಗೆ ಜೋಡಿಸಿ. ಕೈಗಡಿಯಾರದ ಸೆನ್ಸರ್ ಇಲ್ಲಿ ಕೆಲಸಕ್ಕೆ ಬಾರದು, ಹಿಡಿ ಹಿಡಿದು ಮಣಿಕಟ್ಟು ಬಿಗಿದಾಗ ಅದು ತಪ್ಪು ಓದುತ್ತದೆ. ಹತ್ತು ನಿಮಿಷ ಮೈ ಬಿಸಿ ಮಾಡಿ, ನಿಮಿಷಕ್ಕೆ 20 ಎಳೆತದಲ್ಲಿ, ನಿಮಗೆ ಮಾತಾಡಲು ಸಾಧ್ಯವಾಗುವ ಒಂದು ವ್ಯಾಟನ್ನು ಆರಿಸಿ 20 ನಿಮಿಷ ಹಿಡಿದುಕೊಳ್ಳಿ. ಕೊನೆಯ ಐದು ನಿಮಿಷದ ಸರಾಸರಿ ಬಡಿತ ಬರೆದಿಡಿ. ತಿಂಗಳಿಗೊಮ್ಮೆ ಅದೇ ಹೊತ್ತು, ಅದೇ ಡ್ರ್ಯಾಗ್ ಫ್ಯಾಕ್ಟರ್, ಅದೇ ವ್ಯಾಟ್. 90 ವ್ಯಾಟಿಗೆ 150 ಇದ್ದ ಬಡಿತ ಎರಡು ತಿಂಗಳಲ್ಲಿ 140ಕ್ಕೆ ಇಳಿದರೆ, ಅಷ್ಟೇ ಆಮ್ಲಜನಕವನ್ನು ಹೃದಯ ಕಡಿಮೆ ಬಡಿತದಲ್ಲಿ ತಲುಪಿಸುತ್ತಿದೆ ಎಂದರ್ಥ. ಒಂದೊಂದು ಬಡಿತಕ್ಕೆ ಹೊರಬೀಳುವ ರಕ್ತ ಹೆಚ್ಚಿದೆ. ರಕ್ತದ ನೀರಿನಂಶ ಹೆಚ್ಚುವುದು ಮೊದಲ ಒಂದೆರಡು ವಾರದಲ್ಲೇ ಆಗುವ ಬದಲಾವಣೆ, ಸ್ನಾಯುವಿನ ಕೋಶದೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯ ಹೆಚ್ಚುವುದು ಆಮೇಲಿನ ವಾರಗಳ ಕೆಲಸ. ಒಂದು ಎಚ್ಚರ: ಕಲಬುರಗಿಯ ಏಪ್ರಿಲ್ಲಿನಲ್ಲಿ, ಮಂಗಳೂರಿನ ಸೆಕೆಯಲ್ಲಿ, ಗಾಳಿಯಾಡದ ಕೋಣೆಯಲ್ಲಿ ಮಾಡಿದರೆ ಬಡಿತ ನಿಮಿಷ ನಿಮಿಷಕ್ಕೂ ಏರುತ್ತಲೇ ಹೋಗುತ್ತದೆ. ಮೈಯ ಬಿಸಿ ಕಳೆಯಲು ರಕ್ತ ಚರ್ಮಕ್ಕೆ ಹೋಗಿಬಿಡುತ್ತದೆ, ಬೆವರಿನಲ್ಲಿ ನೀರು ಹೋಗುತ್ತದೆ. ಅದು ದಮ್ಮು ಕುಸಿದದ್ದಲ್ಲ. ಓಡುವವರಿಗೆ ಎದುರುಗಾಳಿಯಾದರೂ ಇರುತ್ತದೆ, ಇಲ್ಲಿ ಅದೂ ಇಲ್ಲ. ಎದುರಿಗೊಂದು ಪೆಡೆಸ್ಟಲ್ ಫ್ಯಾನ್ ಇಡಲೇಬೇಕು.

ತಿಂಗಳುಗಟ್ಟಲೆ ಸರಿಯಾಗಿ ಮಾಡಿಯೂ ಬಡಿತ ಇಳಿಯದೆ, ಮೆಟ್ಟಿಲು ಹತ್ತಿದರೂ ಏದುಸಿರು ಬರುವ ಹೆಂಗಸರು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕು. ಆಮ್ಲಜನಕ ಹೊರುವ ಗಾಡಿಯೇ ಅದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತದ ಹೆಂಗಸರಲ್ಲಿ 57 ಪ್ರತಿಶತ ಜನರಿಗೆ ರಕ್ತಹೀನತೆ ಇತ್ತು. ಅದನ್ನು ಸರಿ ಮಾಡದೆ ಯಂತ್ರದ ಮೇಲೆ ಎಷ್ಟು ಬೆವರು ಸುರಿಸಿದರೂ ಮುಂದೆ ಹೋಗುವುದು ಕಷ್ಟ.

ಹೇಗೆ ಶುರು ಮಾಡಬೇಕು? ಮೊದಲ ವಾರ ಐದು ನಿಮಿಷದ ಮೂರು ತುಂಡು, ನಡುವೆ ಎರಡು ನಿಮಿಷ ಬಿಡುವು, ವಾರಕ್ಕೆ ಮೂರು ದಿನ. ಇಷ್ಟು ಕಡಿಮೆ ಯಾಕೆಂದರೆ ದಮ್ಮು ಬೇಗ ಒಗ್ಗಿಕೊಳ್ಳುತ್ತದೆ, ಸೊಂಟ ಮತ್ತು ಅಂಗೈ ಚರ್ಮಕ್ಕೆ ಸಮಯ ಬೇಕು. ವಾರಕ್ಕೆ ಎರಡು ಮೂರು ನಿಮಿಷ ಸೇರಿಸುತ್ತ ಎರಡು ತಿಂಗಳಲ್ಲಿ ಅರ್ಧ ಗಂಟೆಗೆ ಬನ್ನಿ. ಈ ಅರ್ಧ ಗಂಟೆಯಲ್ಲಿ ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಹಾಡಲು ಆಗಬಾರದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಬಿರುಸಿನ ಶ್ರಮ. ವಾರಕ್ಕೆ ನಾಲ್ಕು ಅರ್ಧ ಗಂಟೆ ಇದರ ಮೇಲೆ, ಜತೆಗೆ ಒಂದಿಷ್ಟು ನಡಿಗೆ ಸೇರಿದರೆ ಲೆಕ್ಕ ತುಂಬಿತು. ನಡಿಗೆ ಬಿಡಬೇಡಿ. ಕೂತು ಎಳೆಯುವುದರಿಂದ ಮೊಣಕಾಲಿಗೆ ಏಟು ಬೀಳುವುದಿಲ್ಲ ಎಂಬುದು ಲಾಭ. ಅದೇ ಕಾರಣಕ್ಕೆ ಕಾಲಿನ ಮೂಳೆ ಗಟ್ಟಿಯಾಗಲು ಬೇಕಾದ ಮೈಭಾರದ ಒತ್ತಡವೂ ಇಲ್ಲಿ ಸಿಗುವುದಿಲ್ಲ.

ಎರಡು ತಿಂಗಳಾದ ಮೇಲೆ ವಾರಕ್ಕೊಂದು ದಿನ ನಾರ್ವೆಯವರ ನಾಲ್ಕು–ನಾಲ್ಕರ ಪಾಠ ಸೇರಿಸಬಹುದು: ನಾಲ್ಕು ನಿಮಿಷ ಬಿರುಸು, ಮೂರು ನಿಮಿಷ ನಿಧಾನ, ಹೀಗೆ ನಾಲ್ಕು ಸಲ. ಬಿರುಸಿನಲ್ಲಿ ಬಡಿತ ಗರಿಷ್ಠದ 85–95 ಪ್ರತಿಶತ ಮುಟ್ಟಬೇಕು. ಟ್ರೊಂಡ್‌ಹೈಮಿನ ತಂಡ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಾರಕ್ಕೆ ಮೂರರಂತೆ ಎಂಟು ವಾರ ಓಡಿದ ಯುವಕರ ವಿಒ2 ಮ್ಯಾಕ್ಸ್ 7.2 ಪ್ರತಿಶತ ಏರಿತ್ತು. ಗರಿಷ್ಠ ಬಡಿತಕ್ಕೆ 208ರಿಂದ ವಯಸ್ಸಿನ 0.7 ಪಟ್ಟು ಕಳೆದರೆ ಅಂದಾಜು ಸಿಗುತ್ತದೆ, ಹತ್ತು ಬಡಿತ ಆಚೆಈಚೆ ಇರಬಹುದು. ಜನ ಎಡವುವುದು ಮೊದಲ ಸುತ್ತಿನಲ್ಲಿ. ಬಡಿತ ಏರಲು ಎರಡು ನಿಮಿಷ ಬೇಕು. ಅದು ಏರಲಿಲ್ಲವೆಂದು ಶುರುವಿನಲ್ಲೇ ಜೋರು ಎಳೆದರೆ ಮೂರನೇ ಸುತ್ತಿಗೆ ಕಾಲು ಸೀಸವಾಗುತ್ತದೆ. ನಾಲ್ಕೂ ಸುತ್ತಿನ ವ್ಯಾಟ್ ಒಂದೇ ಇರುವಂತೆ ನೋಡಿಕೊಳ್ಳಿ, ಬಡಿತ ತಾನಾಗಿ ಬರುತ್ತದೆ.

ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ, ನಡೆದರೆ ಎದೆ ಬಿಗಿತ ಇರುವವರು ವೈದ್ಯರ ಮಾತು ಕೇಳದೆ ಬಿರುಸಿಗೆ ಇಳಿಯಬಾರದು. ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರ ಬಡಿತ ಅಷ್ಟಾಗಿ ಏರುವುದಿಲ್ಲ, ಅವರಿಗೆ ಮೇಲಿನ ಸೂತ್ರ ಅನ್ವಯಿಸದು. ಮಾತಿನ ಪರೀಕ್ಷೆಯೇ ಗತಿ. ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲೂ ಆಮೇಲೂ ಸಕ್ಕರೆ ನೋಡಿಕೊಳ್ಳಲಿ, ಕೈಗೆಟಕುವಲ್ಲಿ ಸಕ್ಕರೆ ಇರಲಿ. ಎಳೆಯುವಾಗ ಉಸಿರು ಕಟ್ಟಬೇಡಿ, ಎಳೆಯುತ್ತ ಬಿಡಿ. ಬೆನ್ನಿನ ಡಿಸ್ಕ್ ನೋವು ಕಾಲಿಗೆ ಇಳಿಯುತ್ತಿರುವವರಿಗೆ ಸದ್ಯಕ್ಕೆ ಈ ಯಂತ್ರ ಬೇಡ, ನಡಿಗೆ ಒಳ್ಳೆಯದು.

ಕೊಳ್ಳುವ ಮಾತು. ಭಾರತಕ್ಕೆ ಬಂದು ಸೇರುವಷ್ಟರಲ್ಲಿ ಬೆಲೆ ಲಕ್ಷ ದಾಟುತ್ತದೆ. ವಾರಕ್ಕೆ ಮೂರು ದಿನವೂ ಕೂರುತ್ತೇವೆ ಎಂಬ ಖಾತ್ರಿ ಇಲ್ಲದಿದ್ದರೆ ಕೊಳ್ಳಬೇಡಿ; ಎರಡು ತಿಂಗಳು ಜಿಮ್ಮಿನ ಯಂತ್ರದಲ್ಲಿ ಅಭ್ಯಾಸ ಮಾಡಿ ತೀರ್ಮಾನಿಸಿ. ಉದ್ದ 8 ಅಡಿ. ಸುತ್ತ ಓಡಾಡಲು 9 ಅಡಿಗೆ 4 ಅಡಿ ಬೇಕು. ಮುಗಿದ ಮೇಲೆ ನಡುವಿನ ಲಾಕ್ ತೆಗೆದರೆ ಎರಡು ತುಂಡಾಗುತ್ತದೆ, ಮೂಲೆಗೆ ಸೇರಿಸಬಹುದು. ಸೀಟು ನೆಲದಿಂದ 14 ಇಂಚು ಮಾತ್ರ. ಮೊಣಕಾಲು ನೋವಿನ ಹಿರಿಯರಿಗೆ ಅಲ್ಲಿಂದ ಏಳುವುದೇ ವ್ಯಾಯಾಮಕ್ಕಿಂತ ಕಷ್ಟ. 20 ಇಂಚಿನ ಎತ್ತರದ ಕಾಲಿನ ಮಾದರಿ ಇದೆ, ಮನೆಯಲ್ಲಿ ಅಪ್ಪ ಅಮ್ಮನೂ ಬಳಸುವುದಾದರೆ ಅದನ್ನೇ ನೋಡಿ. ಸದ್ದು ಉಂಟು. ಫ್ಯಾನಿನ ಭರ್ರೆನ್ನುವ ಸದ್ದಿಗೆ ಟಿವಿಯ ಧ್ವನಿ ಏರಿಸಬೇಕಾಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮನೆಗೆ ಕೇಳುವುದು ಮಾತ್ರ ಸೀಟಿನ ಗಾಲಿ ಉರುಳುವ ಗುಡುಗುಡು. ದಪ್ಪ ರಬ್ಬರ್ ಮ್ಯಾಟು ಹಾಸಿದರೆ ಬಹುಪಾಲು ಅಡಗುತ್ತದೆ.

ಆರೈಕೆ ಸರಳ, ಆದರೆ ತಪ್ಪಿಸುವಂತಿಲ್ಲ. ಬಳಸಿದ ದಿನ ಹಳಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಬೆವರು–ಧೂಳು ಸೇರಿ ಕಪ್ಪು ಮೇಣವಾಗಿ ಗಾಲಿಗೆ ಅಂಟುತ್ತದೆ, ಸೀಟು ಕುಪ್ಪಳಿಸುತ್ತದೆ. 50 ಗಂಟೆ ಬಳಕೆಗೊಮ್ಮೆ ಬಟ್ಟೆಗೆ ಒಂದು ಚಮಚ ಮಷಿನ್ ಎಣ್ಣೆ ಹಾಕಿ ಚೈನಿನ ಉದ್ದಕ್ಕೂ ಸವರಿ, ಹೆಚ್ಚಾದದ್ದನ್ನು ಒಣಬಟ್ಟೆಯಲ್ಲಿ ತೆಗೆಯಿರಿ. ಡಬ್ಲ್ಯುಡಿ–40 ಹಾಕಬೇಡಿ, ಅದು ಇರುವ ಎಣ್ಣೆಯನ್ನೂ ತೊಳೆದುಬಿಡುತ್ತದೆ. ಉಡುಪಿ, ಕಾರವಾರದ ಕಡೆಯವರು ಮಳೆಗಾಲದಲ್ಲಿ ಗಂಟೆ ಎಣಿಸದೆ ಎರಡು ವಾರಕ್ಕೊಮ್ಮೆ ಎಣ್ಣೆ ಸವರುವುದು ಒಳ್ಳೆಯದು. ಉಪ್ಪುಗಾಳಿಗೆ ಕೊಂಡಿಗಳ ಸಂದಿಯಲ್ಲಿ ತುಕ್ಕು ಹತ್ತುತ್ತದೆ. ಕೆಲಸ ಮುಗಿದ ಮೇಲೆ ಹಿಡಿಯನ್ನು ನಡುವಿನ ಕೊಕ್ಕೆಯಲ್ಲಿ ಬಿಡದೆ ಫ್ಯಾನಿನ ಹತ್ತಿರಕ್ಕೆ ಒಯ್ದು ಬಿಡಿ, ಒಳಗಿನ ಎಲಾಸ್ಟಿಕ್ ಹಗ್ಗ ಜಗ್ಗಿಕೊಂಡೇ ಇರುವುದು ತಪ್ಪುತ್ತದೆ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಹಿಂಜರಿಯಬೇಕಿಲ್ಲ. ಬಿಡಿಭಾಗ ಸಿಗುತ್ತದೆ, ಸ್ಕ್ರೂಡ್ರೈವರ್ ಹಿಡಿಯಬಲ್ಲವರು ಮನೆಯಲ್ಲೇ ಬದಲಿಸಬಹುದು. ನೋಡಲು ಹೋದಾಗ ಮೊದಲು ಡ್ಯಾಂಪರನ್ನು ಹತ್ತಕ್ಕೆ ಇಟ್ಟು ಡ್ರ್ಯಾಗ್ ಫ್ಯಾಕ್ಟರ್ ನೋಡಿ. ಚೊಕ್ಕ ಯಂತ್ರದಲ್ಲಿ 200ರ ಆಸುಪಾಸು ಬರುತ್ತದೆ. 150 ಬಂದರೆ ಪಂಜರದ ಜಾಲರಿಗೆ ಧೂಳು ಕಟ್ಟಿದೆ, ಅಷ್ಟೇ. ತೂತಿನ ತಗಡು ಬಿಚ್ಚಿ ವ್ಯಾಕ್ಯೂಮ್ ಹಿಡಿದರೆ ಸರಿಹೋಗುತ್ತದೆ, ಬೆಲೆ ಇಳಿಸಲು ಕಾರಣವೂ ಸಿಕ್ಕಿತು. ಹಿಡಿಯನ್ನು ಪೂರ್ತಿ ಎಳೆದು ಮೆಲ್ಲಗೆ ಬಿಟ್ಟಾಗ ಅದು ಸೋತು ನಡುವೆಯೇ ನಿಲ್ಲಬಾರದು. ನಿಂತರೆ ಎಲಾಸ್ಟಿಕ್ ಹಗ್ಗ ಬಿಗಿಸಬೇಕು ಇಲ್ಲವೇ ಹೊಸದು ಹಾಕಬೇಕು. ಚೈನಿನ ಒಂದೊಂದು ಗೇಣನ್ನೂ ಬೆರಳಲ್ಲಿ ಮಡಚಿ ನೋಡಿ, ಮಡಚಿದಲ್ಲೇ ಗಟ್ಟಿಯಾಗಿ ನಿಲ್ಲುವ ಕೊಂಡಿ ಇದ್ದರೆ ಚೈನಿನ ಬೆಲೆಯನ್ನು ಕಳೆದೇ ಮಾತಾಡಿ. ಚೈನು ಹಿಡಿಗೆ ಸೇರುವ ಜಾಗದ ಯು ಆಕಾರದ ಬೋಲ್ಟು ಸವೆದು ತೆಳುವಾಗಿದ್ದರೆ ಅದನ್ನು ಬದಲಿಸುವವರೆಗೆ ಜೋರಾಗಿ ಎಳೆಯಬೇಡಿ.